ಕಿರಣವನ್ನು ಅಳೆಯುವವರು

ಅರ್ಬುದರೋಗಕ್ಕೆ ವಿಕಿರಣ ಚಿಕಿತ್ಸೆ ಪಡೆಯುವುದನ್ನು ‘ಕರೆಂಟು ಕೊಡಿಸಿಕೊಳ್ಳುವುದು’ ಎನ್ನುವ ನಮ್ಮ ಜನರಲ್ಲಿ, ವೈದ್ಯಕೀಯ ಭೌತಶಾಸ್ತ್ರಜ್ಞರೆಂದರೆ ಯಂತ್ರದ ಗುಂಡಿ ಒತ್ತುವವರು, ಇಲ್ಲವೆ ಅದು ಕೆಟ್ಟಾಗ ರಿಪೇರಿ ಮಾಡುವವರು ಎಂಬ ಭಾವನೆ ಬಲವಾಗಿ ಬೇರೂರಿದೆ. ವಸ್ತುತಃ ಯಂತ್ರವನ್ನು ನಡೆಸುವವರು ಟೆಕ್ನಾಲಜಿಸ್ಟರು, ದುರಸ್ತಿಗೆ ಎಂಜಿನಿಯರರು, ಪ್ರಮಾಣವನ್ನು ವಿಧಿಸುವವರು ವೈದ್ಯರು. ವಿಧಿಸಿದ ಪ್ರಮಾಣವು ಗೆಡ್ಡೆಗೆ ಪೂರ್ಣವಾಗಿ ತಲಪುವಂತೆಯೂ ಪಕ್ಕದ ಬೆನ್ನುಹುರಿಗೆ ಅಪಾಯ ತಟ್ಟದಂತೆಯೂ ಯೋಜನೆಯನ್ನು ಗಣಿಸಿ, ಆ ಗಣಿತವನ್ನು ಅಳತೆಯ ಒರೆಗಲ್ಲಿಗೆ ಹಚ್ಚುವ ಹೊಣೆ ಭೌತಶಾಸ್ತ್ರಜ್ಞರದು.

ಕಿರಣವು ಗೆಡ್ಡೆಯನ್ನು ಸುಟ್ಟುಹಾಕುತ್ತದೆ ಎಂಬುದೂ ಇಂಥದೇ ನಂಬಿಕೆ. ಒಂದು ದಿನದ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಕೊಡುವ 2 ಗ್ರೇ, ಎಂದರೆ ಕಿಲೋಗ್ರಾಮಿಗೆ 2 ಜೂಲ್ ಶಕ್ತಿ, ನೀರಿನ ಉಷ್ಣತೆಯನ್ನು ಒಂದು ಡಿಗ್ರಿಯ ಎರಡು ಸಾವಿರದಲ್ಲೊಂದು ಪಾಲಿನಷ್ಟೂ ಏರಿಸಲಾರದು. ಕಿರಣದ ಘಾತವಿರುವುದು ಜೀವಕೋಶದ ಡಿಎನ್‌ಎ ಎಳೆಗಳನ್ನು ಕಡಿಯುವುದರಲ್ಲಿ. ಕೈಗೆ ಬಿಸಿ ತಟ್ಟದ, ಕಣ್ಣಿಗೆ ಕಾಣದ ಈ ಶಕ್ತಿಯನ್ನು ಅಳೆಯಲು, ನೀರು ತುಂಬಿದ ತೊಟ್ಟಿಯೊಳಗೆ ಬೆರಳ ತುದಿಯಷ್ಟು ಗಾಳಿಯನ್ನು ಹಿಡಿದ ಅಯಾನೀಕರಣ ಕೋಶವನ್ನು ಇಳಿಬಿಟ್ಟು, ಅಲ್ಲಿ ಹುಟ್ಟುವ ವಿದ್ಯುದಾವೇಶವನ್ನು ಎಣಿಸುತ್ತಾರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ವಾಯುಭಾರವು ಮಂಗಳೂರಿನದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆಯಾದುದರಿಂದ, ಕೋಶದ ಗಾಳಿಯೂ ವಿರಳ, ಸಿಗುವ ಅಂಕಿಯೂ ಕಿರಿದು. ಆ ತಿದ್ದುಪಡಿಯನ್ನು ಮರೆತು ಯಂತ್ರವನ್ನು ಹೊಂದಿಸಿದರೆ ಪ್ರತಿಯೊಬ್ಬ ರೋಗಿಗೂ ಅಷ್ಟೇ ಪಾಲು ಅಧಿಕ ಕಿರಣ ಬೀಳುತ್ತದೆ; ಸಮ್ಮತವಾದ ವ್ಯತ್ಯಾಸವಾದರೋ ನೂರಕ್ಕೆ ಐದರ ಆಸುಪಾಸು.

ಗಣಕಯಂತ್ರಗಳು ಬಂದಮೇಲೆ ಈ ವೃತ್ತಿಗೆ ಕಾಲವಿಲ್ಲವೆನ್ನುವವರಿದ್ದಾರೆ. ನಡೆದುದು ತದ್ವಿರುದ್ಧ. ಕೋಬಾಲ್ಟ್ ಯಂತ್ರದ ಸರಳ ಚೌಕ ಕ್ಷೇತ್ರಗಳಿಗೆ ಕೈಲೆಕ್ಕ ಸಾಕಾಗುತ್ತಿತ್ತು; ರೇಖೀಯ ವೇಗವರ್ಧಕದ ಕಿರಣವು ಗೆಡ್ಡೆಯ ಆಕಾರಕ್ಕೆ ತಕ್ಕಂತೆ ಕ್ಷಣಕ್ಷಣಕ್ಕೂ ರೂಪ ಬದಲಿಸತೊಡಗಿದಮೇಲೆ, ಗಣಕವು ಕೊಟ್ಟ ಯೋಜನೆಯನ್ನು ರೋಗಿಯ ಮೇಲೆ ಪ್ರಯೋಗಿಸುವ ಮುನ್ನ ಮಾಪಕದ ಮೇಲೆ ಹಾಯಿಸಿ ನೋಡುವ ಕೆಲಸವೊಂದು ಹೊಸದಾಗಿ ಹುಟ್ಟಿತು.

ವಿಕಿರಣದ ನಡುವೆ ದುಡಿಯುವವರು ಅಲ್ಪಾಯುಷಿಗಳೆಂಬ ಭಯಕ್ಕೆ ಉತ್ತರ ಚಿಕ್ಕದು: ದಪ್ಪ ಕಾಂಕ್ರೀಟಿನ ಗೋಡೆ, ಎದೆಯ ಮೇಲಿನ ಬ್ಯಾಡ್ಜು, ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟಿನ ಮಿತಿ. ಹೊರಗಿನಿಂದ ಕಿರಣ ಹಾಯಿಸಿಕೊಂಡ ರೋಗಿಯ ಮೈಯಲ್ಲಿಯೂ ಅದು ಉಳಿಯದು. ಮೊಮ್ಮಗುವನ್ನು ಅಜ್ಜಿಯಿಂದ ದೂರವಿಡುವುದು ವೃಥಾ ಕ್ರೌರ್ಯ.

ಇನ್ನು, ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರಿಗೆ ಮೇಷ್ಟ್ರ ಕೆಲಸವೊಂದೇ ಗತಿಯೆಂಬ ತಂದೆತಾಯಿಗಳ ಮಾತು. 1962ರಲ್ಲಿಯೇ ಟ್ರಾಂಬೆಯ ಪರಮಾಣು ಶಕ್ತಿ ಸಂಸ್ಥೆಯಲ್ಲಿ ವಿಕಿರಣ ಭೌತಶಾಸ್ತ್ರದ ಡಿಪ್ಲೊಮಾ ಆರಂಭವಾಯಿತು. ಇಂದು ವಿಶ್ವವಿದ್ಯಾಲಯಗಳಲ್ಲಿಯೂ ಬೋಧನೆಯುಂಟು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ವೈದ್ಯಕೀಯ ಭೌತಶಾಸ್ತ್ರಜ್ಞರಿಲ್ಲದೆ ವಿಕಿರಣ ಚಿಕಿತ್ಸಾ ಕೇಂದ್ರವು ನಡೆಯುವಂತಿಲ್ಲವಾದುದರಿಂದ, ಹೊಸ ಕೇಂದ್ರ ತೆರೆದಲ್ಲೆಲ್ಲ ಹುದ್ದೆಯೂ ತೆರೆಯುತ್ತದೆ. ಆದರೆ ಓದಿನ ಬಳಿಕ ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮಾಡದೆ ಅದು ದೊರೆಯದು.