ಅಳಲೆಕಾಯಿ ತುಂಬಿದ ಇಟಲಿಯ ಭರಣಿ

ರಾಮಥಾಳದ ನಮ್ಮ ಅಡುಗೆಮನೆಯ ಮಾಡಿನಲ್ಲಿ ಮೂರು ಭರಣಿಗಳಿದ್ದವು. ಹೊಟ್ಟೆ ಬಿಳಿ, ಕೊರಳು ಕಂದು. ಹಳೆ ಇಳಕಲ್ ಸೀರೆಯ ತುಂಡನ್ನು ಬಾಯಿಗೆ ಹಾಸಿ, ಕೊರಳಿಗೆ ದಾರ ಬಿಗಿದು, ‘ಹಸೀ ಕೈಲೆ ಮುಟ್ಟಬ್ಯಾಡೊ’ ಎಂದು ಅವ್ವ ಗದರುತ್ತಿದ್ದಳು. ದಾರ ಜಾರದಂತೆ ಹಿಡಿಯುತ್ತಿದ್ದುದು ಹೊರಚಾಚಿದ ಬಾಯಂಚು. ಐನೂರು ವರ್ಷದ ಹಿಂದೆ ಇಟಲಿಯ ಔಷಧದಂಗಡಿಯವರದೂ ಇದೇ ಉಪಾಯ. ಸೀರೆ ತುಂಡಿನ ಬದಲು ತೊಗಲು, ಅಷ್ಟೇ. ಆ ಭರಣಿಗೆ ಅಲ್ಬರೆಲ್ಲೊ ಎಂದು ಹೆಸರು.

ಅದರ ನಡು ಒಳಸರಿದಿರುತ್ತದೆ. ಅಂದಕ್ಕಿಂತ ಅನುಕೂಲ ಮುಖ್ಯ: ಕಪಾಟಿನಲ್ಲಿ ಒತ್ತೊತ್ತಾಗಿ ನಿಲ್ಲಿಸಿದರೂ ಬೆರಳು ತೂರಿಸಿ ಒಂದನ್ನು ಎತ್ತಿಕೊಳ್ಳಬಹುದು. ಪುಡಿ, ಬೇರು, ಲೇಹ್ಯಗಳಿಗೆ ಇದು. ಪಾಕದಂಥ ದ್ರವಕ್ಕೆ ಮೂತಿಯಿರುವ ಬೇರೆ ಹೂಜಿ.

ನೋಡಿದರೆ ಪಿಂಗಾಣಿ, ಆದರೆ ಅಲ್ಲ. ಅಂಚು ಎಲ್ಲಾದರೂ ಚಕ್ಕೆ ಎದ್ದಿದ್ದರೆ ಗುಟ್ಟು ಬಯಲು, ಒಳಗೆ ಸಾದಾ ಮಡಕೆಯ ಮಣ್ಣು. ಸುಣ್ಣ ಬಳಿದ ಮಣ್ಣಿನ ಗೋಡೆ ಇದ್ದಂತೆ. ಒಮ್ಮೆ ಸುಟ್ಟ ಪಾತ್ರೆಯನ್ನು ಸೀಸ ಮತ್ತು ತವರದ ಭಸ್ಮ ಬೆರೆತ ಗಾಜಿನ ಲೇಪದಲ್ಲಿ ಅದ್ದುತ್ತಾರೆ. ಬಿಳುಪು ಕೊಡುವುದು ತವರ, ನಮ್ಮ ತಾಮ್ರದ ಕೊಡಗಳಿಗೆ ಕಲಾಯಿ ಹಾಕುವ ಅದೇ ತವರ. ಒಣಗಿದ, ಇನ್ನೂ ಸುಡದ ಲೇಪದ ಮೇಲೆ ಕೋಬಾಲ್ಟಿನ ನೀಲಿ, ತಾಮ್ರದ ಹಸಿರು, ಆಂಟಿಮನಿಯ ಹಳದಿಗಳಿಂದ ಚಿತ್ರ ಬರೆದು ಮತ್ತೆ ಸುಡುತ್ತಾರೆ. ಲೇಪ ಬಣ್ಣವನ್ನು ಥಟ್ಟನೆ ಹೀರಿಬಿಡುವುದರಿಂದ ಎಳೆದ ಗೆರೆ ಎಳೆದಂತೆಯೇ; ತಿದ್ದಲು ಬರುವುದಿಲ್ಲ. ಚಿಪ್ರಿಯಾನೊ ಪಿಕ್ಕೊಲ್‌ಪಾಸ್ಸೊ ಎಂಬಾತ 1557ರ ಸುಮಾರಿಗೆ ಈ ಕಸುಬಿನ ಬಗ್ಗೆಯೇ ಪುಸ್ತಕ ಬರೆದ. ಸಣ್ಣ ಕುಂಚಕ್ಕೆ ಇಲಿಯ ಮೀಸೆ ಎಂಬ ವಿವರವೂ ಅದರಲ್ಲಿದೆ. ಅದರ ಹಸ್ತಪ್ರತಿ ಈಗ ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಈ ಬಿಳಿ ಲೇಪ ಹುಟ್ಟಿದ್ದು ಹೊಟ್ಟೆಕಿಚ್ಚಿನಿಂದ. ಚೀನಾದ ಪಿಂಗಾಣಿ ಕಂಡು ಮರುಳಾದ ಇರಾಕಿನ ಕುಂಬಾರರಿಗೆ ಆ ಮಣ್ಣು ಸಿಗಲಿಲ್ಲ. 9ನೇ ಶತಮಾನದ ಹೊತ್ತಿಗೆ ತಮ್ಮ ಮಣ್ಣಿಗೇ ತವರದ ಬಿಳುಪು ಹೊದಿಸಿದರು. ವಿದ್ಯೆ ಸ್ಪೇನ್ ದಾಟಿ ಇಟಲಿಯ ಫಾಯೆಂಜಾಕ್ಕೆ, ಮುಂದೆ ಡಚ್ಚರ ಡೆಲ್ಫ್ಟ್‌ಗೆ ಹೋಯಿತು.

ನನಗೆ ಚಿತ್ರಕ್ಕಿಂತ ಭರಣಿಯ ಮೇಲಿನ ಹೆಸರೇ ರುಚಿ. ಕೆಲವು ಭರಣಿಗಳ ಮೇಲೆ ‘ಮಿರಬೋಲಾನಿ’ ಎಂದಿರುತ್ತದೆ. ಎಂಥದೋ ಅಪರೂಪದ ವಸ್ತುವಿರಬೇಕು ಎನಿಸಿದರೆ, ನಮ್ಮ ಅಳಲೆಕಾಯಿ! ಆ ಔಷಧದಂಗಡಿಯವರ ಲೆಕ್ಕದಲ್ಲಿ ಮಿರಬೋಲಾನಿ ಐದು ಬಗೆ. ‘ಎಂಬ್ಲಿಚಿ’ ಎಂದರೆ ನೆಲ್ಲಿ, ಆಮಲಕ ಪಾರಸಿ, ಅರಬ್ಬಿಗಳಲ್ಲಿ ಸವೆದು ಆದ ರೂಪ. ‘ಬೆಲ್ಲಿರಿಚಿ’ ಎಂದರೆ ತಾರೆ. ಅಂತೂ ತ್ರಿಫಲೆ ಪೂರ್ತಿ ಹಡಗು ಹತ್ತಿತ್ತು. ಗೋವೆಯಲ್ಲಿದ್ದ ವೈದ್ಯ ಗಾರ್ಸಿಯಾ ದ ಒರ್ಟಾ ತನ್ನ ಪುಸ್ತಕದಲ್ಲಿ ಈ ಕಾಯಿಗಳಿಗಾಗಿಯೇ ಒಂದು ಸಂವಾದ ಬರೆದ. ಆ ಪುಸ್ತಕ ಗೋವೆಯಲ್ಲಿ ಅಚ್ಚಾದದ್ದು 1563ರಲ್ಲಿ, ರಕ್ಕಸತಂಗಡಗಿಯ ಕಾಳಗಕ್ಕೆ ಎರಡು ವರ್ಷ ಮೊದಲು.

ಅವ್ವನ ಭರಣಿಗಳಿಗೆ ಹೆಸರಿರಲಿಲ್ಲ. ಮಾವಿನದು ಯಾವುದು, ನಿಂಬೆಯದು ಯಾವುದು ಎಂದು ದಾರದ ಗಂಟು ನೋಡಿಯೇ ಹೇಳುತ್ತಿದ್ದಳು. ಔಷಧದವನಿಗೆ ಆ ಧೈರ್ಯ ಸಲ್ಲದು, ಹೆಸರನ್ನು ಬರೆದು ಸುಟ್ಟೇಬಿಟ್ಟ. ಆಮೇಲೆ ಆ ಮದ್ದು ಕೇಳುವವರೇ ಇಲ್ಲವಾದರೆ? ಜಾಣರು ಚಿತ್ರದ ನಡುವೆ ಪಟ್ಟಿಯನ್ನು ಖಾಲಿ ಬಿಡಿಸಿ ತರಿಸಿಕೊಂಡರು, ಬೇಕಾದಾಗ ಕಾಗದ ಅಂಟಿಸಲು.