ಚದುರಂಗದಲ್ಲಿ ‘ಸ್ಥಿತಿ’ ಎಂಬ ಪದದ ಅರ್ಥನಿರ್ಣಯ

ಪಾರಂಪರಿಕ ಆಟವೊಂದರ ಪಾರಿಭಾಷಿಕ ಪದಗಳಿಗೆ ಲಕ್ಷಣ ಹೇಳಹೊರಟವರು ಮೊದಲು ವಿಚಾರಿಸಬೇಕಾದುದು, ಆ ಲಕ್ಷಣ ಯಾರಿಗಾಗಿ ಎಂಬುದನ್ನು. ಆಟಗಾರನಿಗೆ ಸಾಕೆನಿಸುವ ವಿವರಣೆ ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವವನಿಗೆ ಸಾಲದು. ಚದುರಂಗದ ‘ಸ್ಥಿತಿ’ ಎಂಬ ಒಂದು ಪದವನ್ನು ತೆಗೆದುಕೊಂಡು ಇದನ್ನು ಪರಿಶೀಲಿಸೋಣ.

ಸ್ಥಿತಿಯೆಂದರೆ 64 ಮನೆಗಳಲ್ಲಿ ಕಾಯಿಗಳು ನಿಂತಿರುವ ಬಗೆಯೆಂದು ಆಟಗಾರರು ಸಾಮಾನ್ಯವಾಗಿ ಭಾವಿಸುತ್ತಾರೆ. 19ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಪತ್ರಿಕಾಕರ್ತ ಡೇವಿಡ್ ಫೋರ್ಸೈತ್ ರೂಪಿಸಿದ ಬರವಣಿಗೆಯ ಕ್ರಮವೂ ಕಾಯಿಗಳ ನೆಲೆಯನ್ನು ಸೂಚಿಸುವಂಥದು. ಆದರೆ ಒಂದೇ ಸ್ಥಿತಿ ಮೂರು ಸಲ ಬಂದರೆ ಆಟವನ್ನು ಸಮವೆಂದು ಘೋಷಿಸುವಂತೆ ಆಟಗಾರನು ಕೋರಬಹುದು. ಆಗ ‘ಒಂದೇ’ ಎಂದರೇನೆಂಬ ಪ್ರಶ್ನೆ ಏಳುತ್ತದೆ. ನಿಯಮದ ಪ್ರಕಾರ, ಕಾಯಿಗಳು ಅದದೇ ಮನೆಗಳಲ್ಲಿದ್ದರೆ ಸಾಲದು. ನಡೆಯ ಸರದಿಯೂ ಅದೇ ಆಟಗಾರನದಾಗಿರಬೇಕು, ಸಾಧ್ಯವಿರುವ ನಡೆಗಳೂ ಅವೇ ಆಗಿರಬೇಕು. ರಾಜನು ಒಮ್ಮೆ ಕದಲಿ ಸ್ವಸ್ಥಾನಕ್ಕೆ ಮರಳಿದರೆ ಹಲಗೆ ಮೊದಲಿನಂತೆಯೇ ಕಾಣುತ್ತದೆ. ಆದರೆ ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸಿ ಕೋಟೆ ಕಟ್ಟುವ ಹಕ್ಕು ಆ ಆಟದ ಮಟ್ಟಿಗೆ ಹೋಗಿಯೇಬಿಟ್ಟಿರುತ್ತದೆ.

ಇದು ಕೇವಲ ಶಬ್ದಜಿಜ್ಞಾಸೆಯಲ್ಲ. 1986ರಲ್ಲಿ ಟಿಲ್ಬರ್ಗ್ ಪಂದ್ಯಾವಳಿಯಲ್ಲಿ, ಹಿಂದೆ ಜಗಜ್ಜೇತರಾಗಿದ್ದ ಅನತೋಲಿ ಕಾರ್ಪೊವ್ ಅವರು ಟೋನಿ ಮೈಲ್ಸ್ ಅವರೆದುರು ಇಂತಹ ಕೋರಿಕೆ ಸಲ್ಲಿಸಿದರು. ಮೊದಲ ಸಲ ಕಪ್ಪು ರಾಜನಿಗೆ ಕೋಟೆ ಕಟ್ಟುವ ಹಕ್ಕಿತ್ತು, ಮುಂದಿನ ಎರಡು ಸಲ ಇರಲಿಲ್ಲ. ಕೋರಿಕೆ ಬಿದ್ದುಹೋಯಿತು, ಕೆಲವೇ ನಿಮಿಷಗಳು ಉಳಿದಿದ್ದ ಅವರ ಗಡಿಯಾರದಿಂದ ದಂಡವಾಗಿ 3 ನಿಮಿಷ ಕಳೆಯಲಾಯಿತು. ಕೊನೆಗೆ ಮೈಲ್ಸ್ ಸಮಕ್ಕೆ ಒಪ್ಪಿದ್ದರಿಂದ ಅವರು ಪಾರಾದರು.

ಯಂತ್ರಕ್ಕೆ ಇಂತಹ ಹಕ್ಕುಗಳನ್ನು ಬಿಡಿಸಿ ಹೇಳಲೇಬೇಕು. ಆದುದರಿಂದ 1990ರ ದಶಕದಲ್ಲಿ ಸ್ಟೀವನ್ ಎಡ್ವರ್ಡ್ಸ್ ಫೋರ್ಸೈತರ ಕ್ರಮವನ್ನು 6 ಅಂಶಗಳಿಗೆ ವಿಸ್ತರಿಸಿದರು: ಕಾಯಿಗಳ ನೆಲೆ, ಸರದಿ, ಕೋಟೆಯ ಹಕ್ಕು, ಎರಡು ಮನೆ ಮುಂದೆ ನಡೆದ ಕಾಲಾಳು ದಾಟಿದ ಮನೆ, ಮತ್ತು ನಡೆಗಳ ಎರಡು ಎಣಿಕೆಗಳು. ಎಣಿಕೆಗಳು ಬೇರೆಯಾದ ಮಾತ್ರಕ್ಕೆ ಸ್ಥಿತಿ ಬೇರೆಯಾಗದು. ಕಾಲಾಳು ದಾಟಿದ ಮನೆಯನ್ನು ಎಡ್ವರ್ಡ್ಸರ ಕ್ರಮ ಯಾವಾಗಲೂ ಬರೆದಿಡುತ್ತದೆ. ನಿಯಮವಾದರೋ ಆ ಕಾಲಾಳನ್ನು ಎದುರಾಳಿಯ ಕಾಲಾಳು ನಿಜವಾಗಿ ಹಿಡಿಯಬಲ್ಲುದಾದರೆ ಮಾತ್ರ ಭೇದವೆಣಿಸುತ್ತದೆ. ಬರೆಹಗಳನ್ನು ಅಕ್ಷರಶಃ ಹೋಲಿಸುವ ಪ್ರೋಗ್ರಾಂ ಇಲ್ಲಿಯೂ ಎಡವುತ್ತದೆ.

ಹೀಗೆ ಸ್ಥಿತಿಯಲ್ಲಿ ಕಣ್ಣಿಗೆ ಕಾಣುವುದರ ಜೊತೆಗೆ ಹಿಂದೆ ನಡೆದುದರ ಒಂದಂಶವೂ ಸೇರಿದೆ. ಅಳಗುಳಿಮನೆ, ಆಡುಹುಲಿಯಂತಹ ನಮ್ಮ ಆಟಗಳ ಪದಗಳನ್ನು ಸಂಗ್ರಹಿಸುವ ವಿದ್ಯಾರ್ಥಿಗಳು ಇದನ್ನು ಗಮನದಲ್ಲಿಡಬೇಕು. ಹಲಗೆಯ ನಕ್ಷೆ ತೆಗೆದರೆ ಸಾಲದು. ಬಲ್ಲ ಹಿರಿಯರು ರೂಢಿಬಲದಿಂದ ಹೇಳದೆ ಬಿಡುವ ಸಂಗತಿಗಳನ್ನು ಕೇಳಿ ಬರೆದುಕೊಳ್ಳಬೇಕು. ಅವರ ಕಾಲಾನಂತರ ಹಲಗೆಯೊಂದನ್ನೇ ನೋಡಿ ಅವನ್ನು ಊಹಿಸುವುದು ಸಾಧ್ಯವಾಗದು.