ಟ್ರಫಾಲ್ಗರ್ ನಾವಿಕರ ಪದಕ

ಟ್ರಫಾಲ್ಗರ್ ಕದನ ನಡೆದದ್ದು 1805ರಲ್ಲಿ. ಅಲ್ಲಿ ಹೋರಾಡಿದ ಸಾಮಾನ್ಯ ನಾವಿಕನಿಗೆ ಬ್ರಿಟಿಷ್ ಸರ್ಕಾರ ಪದಕ ಮಂಜೂರು ಮಾಡಿದ್ದು 1847ರಲ್ಲಿ! ಅದೂ ಅಷ್ಟು ವರ್ಷ ಬದುಕಿದ್ದು, ಅರ್ಜಿ ಹಾಕಿದವರಿಗೆ ಮಾತ್ರ.

ಇದೇ ನೇವಲ್ ಜನರಲ್ ಸರ್ವಿಸ್ ಮೆಡಲ್. ಬೆಳ್ಳಿಯದು, ವಿನ್ಯಾಸ ವಿಲಿಯಂ ವಯಾನ್ ಅವರದು. ಒಂದು ಮುಖದಲ್ಲಿ ರಾಣಿ ವಿಕ್ಟೋರಿಯಾ, ಇನ್ನೊಂದರಲ್ಲಿ ತ್ರಿಶೂಲ ಹಿಡಿದು ಕಡಲ್ಗುದುರೆ ಏರಿದ ಬ್ರಿಟಾನಿಯಾ. ಬಿಳಿ ರಿಬ್ಬನ್, ನೀಲಿ ಅಂಚು. ಮೇಲಿನ ಬೆಳ್ಳಿಪಟ್ಟಿಗಳನ್ನು ನೋಡಿ: ಒಂದೊಂದರಲ್ಲೂ ಒಂದೊಂದು ಕದನದ ಹೆಸರು.

1794ರ ಇನ್ನೊಂದು ಕದನದ ಹೊತ್ತಲ್ಲೇ ಟ್ರೆಮೆಂಡಸ್ ಹಡಗಿನಲ್ಲಿ ಹುಟ್ಟಿದ ಡೇನಿಯಲ್ ಮೆಕೆಂಜಿಗೂ ಪದಕ ಸಿಕ್ಕಿತು. ಟ್ರಫಾಲ್ಗರ್‌ನಲ್ಲಿ ಹಡಗಿನಲ್ಲೇ ಇದ್ದ ಜೇನ್ ಟೌನ್‌ಶೆಂಡ್‌ಗೆ ಸಿಗಲಿಲ್ಲ. ಒಬ್ಬ ಹೆಂಗಸಿಗೆ ಕೊಟ್ಟರೆ ಅಂಥ ಅರ್ಜಿಗಳು ಇನ್ನೂ ಬಂದಾವು ಎಂಬುದೇ ಅಧಿಕಾರಿಗಳ ನೆಪ. ಅನ್ಯಾಯ ಅಲ್ಲದೆ ಮತ್ತೇನು?